ಮೂರೂವರೆ ಗಂಟೆಯ ದೇಶಾಂತರ

ಮಂಗಳೂರಿನಿಂದ ದುಬೈಗೆ ಆಕಾಶಮಾರ್ಗದಲ್ಲಿ ಸುಮಾರು 2,460 ಕಿ.ಮೀ. ದೂರ. ವಿಮಾನಕ್ಕೆ ಮೂರೂವರೆಯಿಂದ ನಾಲ್ಕು ಗಂಟೆ ಸಾಕು. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಲು ಇದರ ದುಪ್ಪಟ್ಟು ಹೊತ್ತು ಬೇಕು. 2006ರಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ನೇರ ವಿಮಾನ ಶುರುವಾದ ಮೇಲೆ ಕರಾವಳಿಯ ಮನೆಗಳಿಗೆ ಗಲ್ಫ್ ಹತ್ತಿರವಾಯಿತು, ಅದರ ಜೊತೆಗೆ ಒಂದು ಧರ್ಮಸಂಕಟವೂ ಹತ್ತಿರವಾಯಿತು. ಕೊಡಿಯಾಲ್‌ಬೈಲಿನ ಯಾವುದೋ ಮನೆಯಂಗಳದಲ್ಲಿ ಶಾಮಿಯಾನ ಹಾಕಿದೆ, ಫ್ರೀಜರ್ ಪೆಟ್ಟಿಗೆಯ ಗಾಜಿನೊಳಗೆ ತಂದೆ ಮಲಗಿದ್ದಾರೆ, ಬಂದವರು ಕೇಳುತ್ತಾರೆ: “ಮಗ ದುಬೈಯಲ್ಲಿ ಅಲ್ವಾ, ಇನ್ನೂ ಯಾಕೆ ಬರಲಿಲ್ಲ?” ಹಾರಾಟದ ಅವಧಿಯನ್ನೇ ದೂರದ ಅಳತೆ ಎಂದುಕೊಂಡವರ ಪ್ರಶ್ನೆ ಇದು. ಆ ಅಳತೆಯೇ ತಪ್ಪು ಎಂಬುದು ನನ್ನ ವಾದ.

ದೂರ ಎಂದರೆ ಏನು ಎಂದು ನಮ್ಮ ಧರ್ಮಶಾಸ್ತ್ರಕಾರರು ಸೂತಕದ ಸಂದರ್ಭದಲ್ಲೇ ಕೇಳಿಕೊಂಡಿದ್ದರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ ದೇಶಾಂತರದ ಲಕ್ಷಣಗಳ ಚರ್ಚೆ ಇದೆ. ಅರವತ್ತು ಯೋಜನ ಎಂದವರಿದ್ದಾರೆ, ನಲವತ್ತು, ಮೂವತ್ತು ಎಂದವರೂ ಇದ್ದಾರೆ. ಸಂಖ್ಯೆಯಲ್ಲಿ ಒಮ್ಮತವೇ ಇಲ್ಲ. ಅದರ ಜೊತೆಗೇ ಬರುವ ಇನ್ನೊಂದು ಲಕ್ಷಣ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ: ನಡುವೆ ಮಹಾನದಿ ಇದ್ದರೆ, ಬೆಟ್ಟ ಅಡ್ಡ ನಿಂತರೆ, ಮಾತು ಬದಲಾದರೆ ಅದು ದೇಶಾಂತರ. ಅಂದರೆ ದೂರವನ್ನು ನಿರ್ಧರಿಸುವುದು ಅಡ್ಡಿ. ಇಂದು ನದಿಯ ಜಾಗದಲ್ಲಿ ರಜೆ ಇದೆ. ಬೆಟ್ಟದ ಜಾಗದಲ್ಲಿ ಕೊನೇ ಗಳಿಗೆಯ ಟಿಕೆಟ್ ದರ, ಮಾಲೀಕನ ಕಪಾಟಿನಲ್ಲಿರುವ ಪಾಸ್‌ಪೋರ್ಟ್. ಕಂಪನಿಯ ಮ್ಯಾನೇಜರನಿಗೆ ನಾಲ್ಕು ಗಂಟೆಯ ದಾರಿ ಲೇಬರ್ ಕ್ಯಾಂಪಿನ ಹುಡುಗನಿಗೆ ನಾಲ್ಕು ದಿನದ ದಾರಿಯಾಗಬಹುದು.

ಹಾಗಾದರೆ ಎಲ್ಲರೂ ಒಂದೊಂದು ಅಡ್ಡಿ ಹೇಳಿ ಕರ್ತವ್ಯದಿಂದ ಜಾರಿಕೊಳ್ಳುವುದಿಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಅದೇ ಶಾಸ್ತ್ರ ಇದಕ್ಕೆ ಕಡಿವಾಣ ಹಾಕಿದೆ: ಜ್ಞಾತಿಗಳ ಸಾವಿನ ಸುದ್ದಿ ತಡವಾಗಿ ತಲುಪಿದರೆ ಸೂತಕದ ಉಳಿದ ದಿನಗಳಷ್ಟೇ ಸಾಕು, ತಂದೆತಾಯಿ ತೀರಿದ್ದರೆ ಮಾತ್ರ ಮಗ ಎಷ್ಟೇ ದೂರವಿರಲಿ, ಕೇಳಿದ ದಿನದಿಂದ ಪೂರ್ತಿ ಹತ್ತು ದಿನ. ಬರಲಾಗದಿದ್ದರೂ ಋಣ ಹರಿಯುವುದಿಲ್ಲ. ಅಡ್ಡಿಯನ್ನು ಪರೀಕ್ಷಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ಇನ್ನೂ ಉಳಿಯುತ್ತದೆ. ಇದಕ್ಕೆ ನೆರೆಯ ಸಂಪ್ರದಾಯದಲ್ಲೊಂದು ಸುಳಿವಿದೆ: ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿ ಪಂಥದಲ್ಲಿ, ಸುಮಾರು 80 ಕಿ.ಮೀ. ಮೀರಿದ ಪ್ರಯಾಣಕ್ಕೆ ನಮಾಝನ್ನು ಮೊಟಕುಗೊಳಿಸುವ ರಿಯಾಯಿತಿ ಇದೆ. ಪ್ರಯಾಣಿಕ ದಣಿದಿದ್ದಾನೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ. ಕಷ್ಟವನ್ನು ಹೊರಗಿನವರು ತೂಗಲಾರರು ಎಂಬ ವಿವೇಕ ಇದರಲ್ಲಿದೆ. ಆದ್ದರಿಂದ ಬರಬಹುದಿತ್ತೇ ಎಂಬ ವಿಚಾರಣೆ ಮಗನ ಅಂತಃಸಾಕ್ಷಿಗೆ ಸೇರಿದ್ದು, ಅಲ್ಲಿ ಅದು ಕಠಿಣವಾಗಿಯೇ ನಡೆಯಲಿ. ಶಾಮಿಯಾನದಡಿ ಕೂತವರು ದಯವಿಟ್ಟು ಆ ಪ್ರಶ್ನೆ ಕೇಳಬೇಡಿ.