ಜಿ.ಸಿ. ಕಾಲೇಜಿಗೆ ಕ್ಯಾಮೆರಾ ಹಿಡಿದು ಹೋಗುವವರಿಗೆ

ಕಾರವಾರ, ಅಂಕೋಲೆಗೆ ಕ್ಯಾಮೆರಾ ತಂದವರು ನೇರ ಸಮುದ್ರಕ್ಕೇ ಇಳಿಯುತ್ತಾರೆ. ಟಾಗೋರ್ ಕಡಲತೀರ, ಮರಳಿನ ಮೇಲೆ ಕೂತ ಚಪಲ್ ಯುದ್ಧನೌಕೆ, ಕಾಳಿ ನದಿ ಕಡಲು ಸೇರುವ ಜಾಗ, ಸಂಜೆಯ ಕೆಂಪು. ಯಾರು ತೆಗೆದರೂ ಅದೇ ಚಿತ್ರ. ಅದನ್ನು ಬಿಟ್ಟು ಅಂಕೋಲೆಯ ಜಿ.ಸಿ. ಕಾಲೇಜಿನಲ್ಲಿ ಅರ್ಧ ದಿನ ಫೋಟೊ ತೆಗೆಯುತ್ತ ಸುತ್ತುತ್ತೇನೆ ಅಂದರೆ ಊರವರೇ ನಕ್ಕಾರು: ‘ಅಲ್ಲಿ ಎಂತಾ ಅದೆ ತೆಗೂಕೆ?’

ನಗುವುದರಲ್ಲಿ ತಪ್ಪಿಲ್ಲ. ಚಾರಿತ್ರಿಕ ಕಾಲೇಜು ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಕಮಾನು, ಗಡಿಯಾರದ ಗೋಪುರ. ಮೈಸೂರಿನ ಮಹಾರಾಜ ಕಾಲೇಜಿಗೆ ಹೆಸರಲ್ಲೇ ಅರಸರಿದ್ದಾರೆ. 1917ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ಕಾಲೇಜಿಗೆ ರೈಲ್ವೆ ಕಂಪನಿ ಕಟ್ಟಿಸಿದ್ದ ಭವ್ಯ ಕಲ್ಲಿನ ಕಟ್ಟಡ ಸಿಕ್ಕಿತು. ಅಂಕೋಲೆಗೆ ಮಹಾರಾಜರ ಖಜಾನೆಯೂ ಇರಲಿಲ್ಲ, ರೈಲೂ ಇರಲಿಲ್ಲ. ಕೊಂಕಣ ರೈಲು ಬಂದದ್ದೇ 1990ರ ದಶಕದಲ್ಲಿ. ಕಾಲೇಜು ಮಾತ್ರ ಅದಕ್ಕೂ ಎಷ್ಟೋ ಮೊದಲು, 1966ರಲ್ಲೇ ಬಂತು. ಗೋಪಾಲಕೃಷ್ಣ ಗೋಖಲೆ ಹುಟ್ಟಿ ನೂರು ವರ್ಷ ತುಂಬಿದ ವರ್ಷ ಅದು. ಹಾಗಾಗಿ ಗೋಖಲೆ ಸೆಂಟಿನರಿ ಕಾಲೇಜು. ಬಾಯಲ್ಲಿ ಸವೆದು ಜಿ.ಸಿ. ಕಾಲೇಜು.

ಪುಣೆಯ ಗೋಖಲೆ ಅಂಕೋಲೆಗೆ ಬಂದದ್ದು ದಿನಕರ ದೇಸಾಯಿಯವರ ಕೈ ಹಿಡಿದು. ಗೋಖಲೆ 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜದ ಸದಸ್ಯರು ಇವರು. ಕನ್ನಡಿಗರಿಗೆ ಗೊತ್ತಿರುವುದು ಚುಟುಕಗಳ ದೇಸಾಯಿ. ಮುಂಬೈಯಲ್ಲಿ ಹಡಗು ಕಾರ್ಮಿಕರ ಸಂಘ ನಡೆಸಿದ, ಉತ್ತರ ಕನ್ನಡ ಜಿಲ್ಲೆಯ ರೈತರನ್ನು ಒಗ್ಗೂಡಿಸಿದ ಕಾರಣಕ್ಕೆ ಗಡಿಪಾರಾದ ದೇಸಾಯಿ ಅಷ್ಟಾಗಿ ಗೊತ್ತಿಲ್ಲ. ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು ಗೋಖಲೆ 1911ರಲ್ಲಿ ಮಂಡಿಸಿದ ಮಸೂದೆ ಮರುವರ್ಷ ಬಿದ್ದುಹೋಗಿತ್ತು. ದೇಸಾಯಿ 1938ರಲ್ಲಿ ಅದೇ ವಿಷಯ ಹಿಡಿದು ಪುಸ್ತಕ ಬರೆದರು. ಬರೆದು ಸುಮ್ಮನಾಗಲಿಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರುಮಾಡಿ ಜಿಲ್ಲೆಯಲ್ಲಿ ಹೈಸ್ಕೂಲುಗಳನ್ನು ತೆರೆದರು, ಆಮೇಲೆ ಕಾಲೇಜು. ಕಾಲೇಜು ತೆರೆದ ಮರುವರ್ಷ, 1967ರಲ್ಲಿ, ಯಾವ ಪಕ್ಷದ ಚೀಟಿಯೂ ಇಲ್ಲದೆ ನಿಂತು ಲೋಕಸಭೆಗೆ ಆರಿಸಿ ಬಂದರು. ಗೋಖಲೆಯವರ ಮಸೂದೆ ಸೋತ ಮೇಲೆ ಕೆಲಸ ತಾಲೂಕಿನಲ್ಲಿ ನಡೆಯಿತು ಎನ್ನುವುದಕ್ಕೆ ಈ ಆವರಣವೇ ಸಾಕ್ಷಿ. ಗದ್ದೆ ಮಾಡುವವರ, ಬಲೆ ಬೀಸುವವರ ಮಕ್ಕಳು ಡಿಗ್ರಿಗಾಗಿ ಊರು ಬಿಡಬೇಕಿದ್ದ ಕಾಲದಲ್ಲಿ ಕಾಲೇಜು ಅವರ ನಡಿಗೆಯ ಅಳತೆಗೆ ಬಂತು. ನನ್ನ ಮಟ್ಟಿಗೆ ಚಾರಿತ್ರಿಕ ಎನ್ನಲು ಇಷ್ಟು ಸಾಕು, ಕಮಾನು ಬೇಕಿಲ್ಲ.

ಕಮಾನು ಬೇಡವಾದರೆ ತೆಗೆಯುವುದೇನನ್ನು? ಈ ಪ್ರಶ್ನೆಗೆ ನಮ್ಮ ಹಳೆಯ ಫೋಟೊಗಳನ್ನೇ ಕೇಳಬೇಕು. ಸಣ್ಣ ಊರಿನ ಯಾವ ಕಾಲೇಜಿನಲ್ಲಾದರೂ ಇರುವ ಚಿತ್ರಗಳು ಎರಡೇ ಬಗೆಯವು. ಒಂದು, ಗ್ಯಾದರಿಂಗಿನ ವೇದಿಕೆ: ಹಾರ, ಶಾಲು, ದೀಪ ಹಚ್ಚುವ ಕೈ. ಇನ್ನೊಂದು ಗ್ರೂಪ್ ಫೋಟೊ: ಪ್ರಾಚಾರ್ಯರು ನಡುವಿನ ಕುರ್ಚಿಯಲ್ಲಿ, ಹುಡುಗಿಯರು ಒಂದು ಸಾಲು, ಹುಡುಗರು ಬೆಂಚು ಹತ್ತಿ ಹಿಂದೆ, ತುದಿಯಲ್ಲಿ ಕೈಕಟ್ಟಿ ನಿಂತ ಪಿವನ್. ಕೆಳಗೆ ಎಡದಿಂದ ಬಲಕ್ಕೆ ಎಲ್ಲರ ಹೆಸರು ಅಚ್ಚಾಗಿರುತ್ತದೆ, ಎಷ್ಟೋ ಸಲ ಆ ಪಿವನನದೊಂದು ಬಿಟ್ಟು. ಈ ಎರಡರ ಮಧ್ಯೆ ವರ್ಷದ ಮುನ್ನೂರು ಚಿಲ್ಲರೆ ದಿನ ಕಾಲೇಜು ಹೇಗಿತ್ತು ಎಂಬುದಕ್ಕೆ ಚಿತ್ರವೇ ಇಲ್ಲ. ಪ್ರಯೋಗಾಲಯದಲ್ಲಿ ಸಲ್ಫರಿನ ವಾಸನೆಗೆ ಮೂಗು ಮುಚ್ಚಿಕೊಂಡವರು, ಮಳೆಗಾಲದಲ್ಲಿ ಜಗಲಿಯುದ್ದಕ್ಕೂ ಬಿಡಿಸಿಟ್ಟ ಕೊಡೆಗಳು, ನೋಟಿಸ್ ಬೋರ್ಡಿನ ಮುಂದೆ ನಂಬರ್ ಹುಡುಕುವ ಬೆರಳು, ಗ್ರಂಥಾಲಯದ ಪುಸ್ತಕಕ್ಕೆ ಅಂಟಿಸಿದ ತಾರೀಕಿನ ಚೀಟಿ, ಗುಡ್ಡದಾಚೆಯ ಹಳ್ಳಿಗೆ ಹೋಗುವ ಕೊನೇ ಬಸ್ಸಿಗೆ ಕಾಯುವವರು. ಇವನ್ನು ಯಾರೂ ತೆಗೆಯಲಿಲ್ಲ. ತೆಗೆಯುವಂಥದ್ದು ಅನ್ನಿಸಲೇ ಇಲ್ಲ.

ಬೆಳಕಿನ ಮಾತು ಒಂದಿಷ್ಟು. ನಮ್ಮ ಕರಾವಳಿಯಲ್ಲಿ ಸೂರ್ಯ ಸಹ್ಯಾದ್ರಿ ಹತ್ತಿ ಬರಬೇಕು, ಹಾಗಾಗಿ ಬೆಳಗಿನ ಬಿಸಿಲು ತಡ. ಬೇಸಿಗೆಯ ಹನ್ನೊಂದು ಗಂಟೆಗೆ ಕ್ಯಾಮೆರಾ ತೆಗೆದರೆ ಅಂಗಳ ಬೆಳ್ಳಗೆ, ಜಗಲಿ ಕಪ್ಪಗೆ. ನಡುವೆ ಏನೂ ಉಳಿಯದು. ಫೋಟೊದವರು ಮಳೆಗಾಲವನ್ನು ಬೈಯುತ್ತಾರೆ, ನಾನು ಅದರ ಪರ. ಮೋಡದ ಬೆಳಕಿನಲ್ಲಿ ಒದ್ದೆ ಚಿರೇಕಲ್ಲಿಗೆ ಬರುವ ಬಣ್ಣ ಬೇರೆ ಯಾವ ಕಾಲದಲ್ಲೂ ಬರುವುದಿಲ್ಲ, ಪಾಚಿಯ ಹಸಿರಂತೂ ಹೇಳುವುದೇ ಬೇಡ. ವಿಶ್ವ ಛಾಯಾಗ್ರಹಣ ದಿನವಾದ ಆಗಸ್ಟ್ 19 ಸರಿಯಾಗಿ ಇಂಥ ಹೊತ್ತಿಗೇ ಬರುತ್ತದೆ. ಮನೆಗೆ ಮರಳಿದ ಮೇಲೆ ಲೆನ್ಸನ್ನು ಒರೆಸಿ ಒಣ ಡಬ್ಬಿಯಲ್ಲಿಡಿ. ಇಲ್ಲಿಯ ತೇವ ಗಾಜಿಗೂ ಬೂಸ್ಟು ಹಿಡಿಸುತ್ತದೆ.

ಆಮೇಲೆ ತೆಗೆದರಾಯಿತು ಎನ್ನುವವರು ಕಾಳಿ ಸೇತುವೆಯನ್ನು ನೆನೆಯಲಿ. ಕಾರವಾರವನ್ನು ಸದಾಶಿವಗಡಕ್ಕೆ, ಗೋವೆಗೆ ಜೋಡಿಸಿದ್ದ ಹಳೆಯ ಸೇತುವೆ ನಾಲ್ಕು ದಶಕ ನಿಂತು 2024ರ ಆಗಸ್ಟ್ 7ರ ನಡುರಾತ್ರಿ ನದಿಗೆ ಬಿತ್ತು. ಬಿದ್ದ ಸೇತುವೆಯ ಚಿತ್ರ ಬೆಳಗಾಗುವಷ್ಟರಲ್ಲಿ ಪ್ರತಿ ಮೊಬೈಲಿನಲ್ಲೂ ಇತ್ತು. ನಿಂತಿದ್ದಾಗಿನ ಚಿತ್ರ, ಅದರ ಮೇಲೆ ದಿನಾ ಓಡಾಡಿದ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಕಾಲೇಜು ಸೇತುವೆಯ ಹಾಗೆ ಸದ್ದು ಮಾಡಿ ಬೀಳುವುದಿಲ್ಲ. ಹಂಚು ಹೋಗಿ ತಗಡು ಬರುತ್ತದೆ, ಕರಿಹಲಗೆ ಹೋಗಿ ಪರದೆ ಬರುತ್ತದೆ, ಮರದ ಬೆಂಚು ಹರಾಜಾಗುತ್ತದೆ. ಬದಲಾದದ್ದು ಬೇಜಾರಲ್ಲ, ಕೊಠಡಿ ಸೋರುತ್ತಿದ್ದರೆ ಹಂಚಿನ ಚೆಂದ ಕಟ್ಟಿಕೊಂಡು ಮಕ್ಕಳೇನು ಮಾಡಬೇಕು? ಮೊದಲು ಹೇಗಿತ್ತು ಎಂಬ ಗುರುತೊಂದು ಬೇಕು, ಅಷ್ಟೇ.

ಹೋಗುವ ಮೊದಲು ಪ್ರಾಚಾರ್ಯರನ್ನು ಕಂಡು ಒಪ್ಪಿಗೆ ಕೇಳಿ. ನೌಕಾನೆಲೆಯ ಸೀಮೆಯಲ್ಲಿ ಬದುಕುವ ನಮ್ಮ ಜನಕ್ಕೆ ಕ್ಯಾಮೆರಾ ಕಂಡರೆ ಸಹಜವಾಗಿಯೇ ಅನುಮಾನ. ವಿದ್ಯಾರ್ಥಿಗಳ, ಅದರಲ್ಲೂ ಹುಡುಗಿಯರ ಚಿತ್ರ ಕೇಳದೆ ತೆಗೆಯಬೇಡಿ. ಹಳೆಯ ಸಿಬ್ಬಂದಿ ಯಾರಾದರೂ ಸಿಕ್ಕರೆ ಕ್ಯಾಮೆರಾ ಕೆಳಗಿಟ್ಟು ಮೊದಲು ಮಾತಾಡಿ. ಯಾವ ಕೊಠಡಿ ಮೊದಲು ಏನಾಗಿತ್ತು, ಯಾವ ಮರ ಯಾರು ನೆಟ್ಟದ್ದು ಎಂಬುದು ಲೆನ್ಸಿಗೆ ಕಾಣದು, ಅವರ ಬಾಯಿಂದಲೇ ಬರಬೇಕು.

ತೆಗೆದದ್ದರಲ್ಲಿ ಚೆನ್ನಾಗಿರುವ ಹತ್ತನ್ನು ಕಾಗದದ ಮೇಲೆ ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ತಾರೀಕು, ಜಾಗ, ಚಿತ್ರದಲ್ಲಿರುವವರ ಹೆಸರು ಬರೆಯಿರಿ. ಪಿವನನ ಹೆಸರನ್ನೂ ಬರೆಯಿರಿ. ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟು ಬನ್ನಿ.