ದೇವರಲ್ಲಿ ಹಿರಿತನ ಕಿರಿತನಗಳುಂಟೆ?

ದೇವರನ್ನು ಕುರಿತು ಮನುಷ್ಯನು ಏನನ್ನು ನಂಬುವನೋ ಅದು ಪೂಜಾಗೃಹದಲ್ಲಿಯೇ ಉಳಿಯುವುದಿಲ್ಲ. ಪಡಸಾಲೆಗೂ ಅಡುಗೆಮನೆಗೂ ಬರುತ್ತದೆ. ಆಳುವವನು, ಆಳಿಸಿಕೊಳ್ಳುವವನು ಎಂಬ ಭೇದವನ್ನು ದೇವರಲ್ಲಿಯೇ ಕಂಡವನು ಅದನ್ನು ಮನೆಯಲ್ಲಿ ನಡೆಸಲು ಹಿಂಜರಿಯನು. ಕ್ರೈಸ್ತ ಸಹೋದರರ ಹಳೆಯದೊಂದು ವಾದವನ್ನು ಇಲ್ಲಿ ವಿಚಾರಿಸುವುದು ಈ ಕಾರಣದಿಂದ. ಪರಮತವನ್ನು ಹಳಿಯುವುದಕ್ಕಲ್ಲ, ನಮ್ಮನ್ನು ನಾವು ನೋಡಿಕೊಳ್ಳುವುದಕ್ಕೆ.

ಪುತ್ತೂರು, ಸುಳ್ಯ, ಕಡಬಗಳ ಸೀಮೆಗೆ ಈ ವಾದವು ದೂರದ್ದಲ್ಲ. ಅಮರ ಸುಳ್ಯ, ಪಂಜ, ಬೆಳ್ಳಾರೆಗಳು ಒಂದು ಕಾಲಕ್ಕೆ ಕೊಡಗಿನ ಹಾಲೇರಿಯ ವೀರಶೈವ ಅರಸರ ಆಳ್ವಿಕೆಯಲ್ಲಿದ್ದವು. 1834ರಲ್ಲಿ ಕುಂಪಣಿ ಸರಕಾರವು ಕೊಡಗನ್ನು ವಶಪಡಿಸಿಕೊಂಡು ಈ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದೇ ವರ್ಷ ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿನಲ್ಲಿ ಬಂದಿಳಿದರು. ಆ ಮಿಶನ್ನಿನ ವುರ್ತ್ ಎಂಬವರು ಬಸವಪುರಾಣ, ಚನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದರು. ಮುಂದೆ ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರು ಕಡಬದ ಕಡೆಯ ಗುಡ್ಡಗಳಲ್ಲಿ ನೆಲೆಸಿದರು. ಪಂಗಡಗಳು ಬೇರೆಯಾದರೂ ಇವರೆಲ್ಲರ ದೀಕ್ಷಾಸ್ನಾನವು ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ಹೆಸರಿನಲ್ಲಿಯೇ ನಡೆಯುತ್ತದೆ. ಅವರು ನಮ್ಮ ಪುರಾಣಗಳನ್ನು ಓದಿದರು. ಅವರ ತತ್ತ್ವವನ್ನು ನಾವು ತಿಳಿಯುವುದೂ ನ್ಯಾಯವೇ.

ಪ್ರಶ್ನೆ ಇಷ್ಟೆ: ಯೇಸುವು ದೇವರ ಮಗನಾದರೆ, ಆ ಮಗನು ತಂದೆಗೆ ಸಮನೋ, ಅಧೀನನೋ? ಯೋಹಾನನ ಸುವಾರ್ತೆಯಲ್ಲಿ ಯೇಸುವು ತಾನೂ ತಂದೆಯೂ ಒಂದೇ ಎಂದು ಒಂದೆಡೆಯಲ್ಲಿ ಹೇಳುತ್ತಾನೆ. ತಂದೆಯು ತನಗಿಂತ ದೊಡ್ಡವನೆಂದು ಮತ್ತೊಂದೆಡೆಯಲ್ಲಿ ಹೇಳುತ್ತಾನೆ. ಅಲೆಕ್ಸಾಂಡ್ರಿಯದ ಆರಿಯಸ್ ಎಂಬ ಪಾದ್ರಿಯು, ಮಗನು ಸೃಷ್ಟಿಯಲ್ಲಿ ಮೊದಲಿಗನೇ ಹೊರತು ತಂದೆಯಂತೆ ಅನಾದಿಯಲ್ಲವೆಂದು ಬೋಧಿಸಿದನು. 325ರಲ್ಲಿ ನೈಸಿಯದಲ್ಲಿ ಕೂಡಿದ ಧರ್ಮಸಭೆಯು ಅದನ್ನು ನಿರಾಕರಿಸಿ, ತಂದೆಗೂ ಮಗನಿಗೂ ಸತ್ತ್ವವೊಂದೇ ಎಂದು ನಿರ್ಣಯಿಸಿತು. 2025ಕ್ಕೆ ಆ ನಿರ್ಣಯಕ್ಕೆ 1700 ವರ್ಷಗಳು ತುಂಬಿದವು.

ಹದಿನಾರನೆಯ ಶತಮಾನದಲ್ಲಿ ಪ್ರಾಟೆಸ್ಟಂಟರು ಶಾಸ್ತ್ರವೊಂದೇ ಪರಮ ಪ್ರಮಾಣವೆಂದು ಸಾರಿದಾಗ ಮುಗಿದ ಮಾತು ಮರಳಿ ಮೊದಲಾಯಿತು. ತ್ರಿಯೇಕತ್ವದ ಸಿದ್ಧಾಂತವು ಬೈಬಲಿನದಲ್ಲವೆಂದು ಸ್ಪೇನಿನ ವೈದ್ಯ ಸರ್ವಿಟಸ್ 1531ರಲ್ಲಿ ಗ್ರಂಥ ಬರೆದನು. ಕಾಲ್ವಿನನ ಪ್ರಾಬಲ್ಯವಿದ್ದ ಜಿನೀವದಲ್ಲಿ 1553ರ ಅಕ್ಟೋಬರ್ 27ರಂದು ಅವನನ್ನು ಜೀವಂತ ಸುಟ್ಟರು. ಹರಳಯ್ಯ ಮಧುವರಸರ ಕಥೆಯನ್ನು ಬಲ್ಲ ನಮಗೆ ಇದರ ನೋವನ್ನು ವಿವರಿಸಬೇಕಾಗಿಲ್ಲ. 1903ರಲ್ಲಿ ಕಾಲ್ವಿನನ ಅನುಯಾಯಿಗಳೇ ಆ ಸ್ಥಳದಲ್ಲಿ ಪ್ರಾಯಶ್ಚಿತ್ತದ ಕಲ್ಲನ್ನು ನಿಲ್ಲಿಸಿದರೆಂಬುದು ಅವರಿಗೆ ಭೂಷಣ. ನಮ್ಮ ದೇಶದಲ್ಲಿಯೂ 1820ರಲ್ಲಿ ರಾಮಮೋಹನ ರಾಯರು ಯೇಸುವಿನ ನೀತಿಬೋಧೆಗಳನ್ನು ಬೇರೆಯಾಗಿ ಆಯ್ದು ಪ್ರಕಟಿಸಿದಾಗ, ಶ್ರೀರಾಮಪುರದ ಮಾರ್ಷ್‌ಮನ್ನರೊಡನೆ ಇದೇ ವಾದವು ಬೆಳೆಯಿತು. ಈ ಸಂದರ್ಭದಲ್ಲಿ ವಿಲಿಯಂ ಆಡಂ ಎಂಬ ಪಾದ್ರಿಯೇ ತ್ರಿಯೇಕತ್ವವನ್ನು ಬಿಟ್ಟು ರಾಯರ ಪಕ್ಷಕ್ಕೆ ಬಂದನು.

ಈ ವಾದದ ಹೊಸ ರೂಪವು ಇನ್ನೂ ಹತ್ತಿರದ್ದು. ಮಗನು ಸತ್ತ್ವದಲ್ಲಿ ತಂದೆಗೆ ಸಮನಾದರೂ ಅನಾದಿಯಿಂದಲೂ ಅವನ ಆಜ್ಞೆಗೆ ಒಳಗಾದವನೆಂದು ಅಮೆರಿಕದ ವೇಯ್ನ್ ಗ್ರೂಡೆಮ್ ಮೊದಲಾದ ಪ್ರಾಟೆಸ್ಟಂಟ್ ಪಂಡಿತರು ವಾದಿಸಿದರು. ಹಾಗೆಯೇ ಹೆಂಡತಿಯು ಗಂಡನಿಗೆ ಸಮಳಾದರೂ ಅವನ ಮಾತಿಗೆ ಅಧೀನಳಾಗಿರತಕ್ಕದ್ದೆಂದು ಅದಕ್ಕೆ ಜೋಡಿಸಿದರು. ಇದು ನೈಸಿಯದ ನಿರ್ಣಯಕ್ಕೇ ಕುಂದೆಂದು ಪ್ರಾಟೆಸ್ಟಂಟರಲ್ಲಿಯೇ ಅನೇಕರು ಆಕ್ಷೇಪಿಸಲು, 2016ರಲ್ಲಿ ವಾದವು ಬಿರುಸಾಯಿತು. ದೇವರ ಸ್ವರೂಪದ ಮಾತು ಅಡುಗೆಮನೆಯವರೆಗೂ ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಗುರು, ಲಿಂಗ, ಜಂಗಮ ಮೂರೂ ಒಂದೇ ಎಂಬ ನಮ್ಮ ಮಾತನ್ನು ಇದರ ಪಕ್ಕದಲ್ಲಿಟ್ಟು, ಎರಡೂ ಒಂದೆಂದು ಆತುರಪಡಬಾರದು. ಅವರ ಮೂವರು ದೇವರ ಆಂತರ್ಯವನ್ನೇ ಕುರಿತ ಮಾತು. ನಮ್ಮ ಮೂರು, ಪರಶಿವನು ಭಕ್ತನಿಗೆ ಒದಗಿಬರುವ ಬಗೆ. ಅವರಲ್ಲಿ ಏಕಸತ್ತ್ವವು ಆ ಮೂವರೊಳಗಿನದು. ನಮ್ಮಲ್ಲಿ ಭಕ್ತಸ್ಥಲದಿಂದ ಐಕ್ಯಸ್ಥಲಕ್ಕೇರಿದ ಯಾವ ಅಂಗವೂ ಲಿಂಗವೇ. ನಮ್ಮ ವಿಚಾರಕ್ಕೆ ಸರಿಯಾಗಿ ಹೊಂದುವುದು ಬೇರೊಂದು ತತ್ತ್ವ: ಶರಣಸತಿ, ಲಿಂಗಪತಿ.

ಈ ಮಾತಿನಲ್ಲಿಯೂ ಪತಿ ಮೇಲು, ಸತಿ ಕೀಳು ಎಂಬುದು ಅಡಗಿದೆಯಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಶರಣರು ಇದನ್ನು ಹೆಂಗಸರಿಗೆ ಮಾತ್ರ ಹೇಳಲಿಲ್ಲ. ಬಸವಣ್ಣನವರೂ ಸತಿಯೇ, ನೀಲಾಂಬಿಕೆಯೂ ಸತಿಯೇ; ಪತಿಯು ಲಿಂಗವೊಂದೇ. ಹೀಗಿರಲು ಆ ಪತಿಯ ಪೀಠದಲ್ಲಿ ಕುಳಿತುಕೊಳ್ಳುವ ಅಧಿಕಾರವು ಮನೆಯ ಯಜಮಾನನಿಗೆ ಎಲ್ಲಿಂದ ಬಂದಿತು? ಚನ್ನಮಲ್ಲಿಕಾರ್ಜುನನನ್ನೇ ಪತಿಯೆಂದ ಅಕ್ಕಮಹಾದೇವಿಯು ಕೌಶಿಕನ ಅರಮನೆಯನ್ನು ಬಿಟ್ಟು ನಡೆದುದು ಇದೇ ಪ್ರಶ್ನೆಯನ್ನು ಕೇಳಿದಂತೆ. ಅಲ್ಲದೆ ಈ ತತ್ತ್ವವು ಸತಿಪತಿಭಾವದಲ್ಲಿ ನಿಲ್ಲುವುದಿಲ್ಲ. ಲಿಂಗಾಂಗ ಸಾಮರಸ್ಯದಲ್ಲಿ ಮುಗಿಯುತ್ತದೆ. ಅಲ್ಲಿ ಆಳುವವರೂ ಇಲ್ಲ, ಆಳಿಸಿಕೊಳ್ಳುವವರೂ ಇಲ್ಲ.

ಹಾಗಾದರೆ ನಾವು ಹೇಗಿದ್ದೇವೆ? ಗಂಡನ ಕೊರಳಿನಲ್ಲಿರುವ ಲಿಂಗವೇ ಹೆಂಡತಿಯ ಕೊರಳಿನಲ್ಲಿದೆ, ಇಬ್ಬರಿಗೂ ದೀಕ್ಷೆಯೊಂದೇ. ಆದರೂ ಆಸ್ತಿಯ ಮಾತು, ಮಗಳ ಮದುವೆಯ ಮಾತು ಬಂದಾಗ ಎಷ್ಟು ಮನೆಗಳಲ್ಲಿ ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಾಳೆ! ಕ್ರೈಸ್ತರು ಕೆಲವರು ಅಧೀನತೆಯನ್ನು ಸಿದ್ಧಾಂತದಲ್ಲಿಯೇ ಬರೆದು ವಾದಿಸಿದರು. ನಾವು ಸಿದ್ಧಾಂತದಲ್ಲಿ ಸಮತೆಯನ್ನು ಬರೆದುಕೊಂಡು ಆಚಾರದಲ್ಲಿ ಅಧೀನತೆಯನ್ನು ಉಳಿಸಿಕೊಂಡಿದ್ದೇವೆ. ಇವೆರಡರಲ್ಲಿ ಹೆಚ್ಚಿನ ತಪ್ಪು ಯಾವುದು? ವಾದಿಸುವವನನ್ನು ತಿದ್ದಬಹುದು, ನುಡಿಯಲ್ಲಿ ಒಪ್ಪಿ ನಡೆಯಲ್ಲಿ ತಪ್ಪುವವನನ್ನು ತಿದ್ದುವವರಾರು? ನಾಳೆಯ ಪ್ರಾತಃಕಾಲ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದಾಗ, ಪಕ್ಕದಲ್ಲಿ ಕುಳಿತವಳ ಕರಸ್ಥಲವನ್ನೂ ಒಮ್ಮೆ ನೋಡೋಣ.