ಯಜಮಾನನ ಕೂಲಿ

ಅನೇಕರ ದುಡಿಮೆಯನ್ನು ನಡಿಸುವ ಮನುಷ್ಯನು ಆ ದುಡಿಮೆಯ ಫಲದಲ್ಲಿ ತನ್ನ ಪಾಲನ್ನು ಮೊದಲು ತಕ್ಕೊಳ್ಳಬೇಕೋ, ಕಡೆಗೆ ತಕ್ಕೊಳ್ಳಬೇಕೋ ಎಂಬ ಪ್ರಶ್ನೆಯನ್ನು ಈ ಸಾರಿ ನಾವು ನಿಮ್ಮ ಮುಂದೆ ಇಡುತ್ತೇವೆ. ಇದು ದೊಡ್ಡ ಕಾರ್ಖಾನೆಗಳನ್ನು ಆಳುವವರ ಸಂಗತಿ, ಹಳ್ಳಿಯವರಾದ ನಮಗೇನು ಎಂದು ಯಾರೂ ಪುಟವನ್ನು ಮಗುಚಬಾರದು. ಇಪ್ಪತ್ತು ಆಳುಗಳನ್ನು ಅಡಿಕೆಯ ತೋಟಕ್ಕೆ ಕರಕೊಂಡು ಹೋಗುವ ಮೇಸ್ತ್ರಿಯೂ, ಸಹಕಾರ ಸಂಘದ ಕಾರ್ಯದರ್ಶಿಯೂ, ಸಭೆಯ ಹಣದ ಪೆಟ್ಟಿಗೆಯನ್ನು ಕಾಯುವ ಹಿರಿಯನೂ ಈ ಪ್ರಶ್ನೆಗೆ ಪ್ರತಿದಿನವೂ ತಮ್ಮ ನಡತೆಯಿಂದಲೇ ಉತ್ತರ ಕೊಡುತ್ತಿದ್ದಾರೆ. ಕರಾರಿನಲ್ಲಿ ಬರೆದಷ್ಟನ್ನು ಬರೆದ ದಿನದಲ್ಲಿ ತಕ್ಕೊಂಡರೆ ತಪ್ಪಿಲ್ಲವೆಂದು ಕಾನೂನು ಹೇಳುವದು. ಆದರೆ ಕಾನೂನಿಗೆ ತಪ್ಪಲ್ಲದ್ದೆಲ್ಲಾ ಮನಸ್ಸಾಕ್ಷಿಗೆ ಒಪ್ಪುವದೆಂದು ಹೇಳಲಾಗದು.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಒಂದು ದೃಷ್ಟಾಂತವುಂಟು. ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿಸಿದ ಕಬ್ಬಿಣದ ಕಾರ್ಖಾನೆಯು 1923ನೇ ಇಸವಿಯ ಜನವರಿಯಲ್ಲಿ ಕೆಲಸಕ್ಕೆ ತೊಡಗಿತು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರೂ, ಮಲೆನಾಡಿನ ಕಾಡುಗಳಿಂದ ಇದ್ದಲೂ, ಭದ್ರಾ ನದಿಯಿಂದ ನೀರೂ ಅದಕ್ಕೆ ಒದಗಿದವು. ಆದರೆ ಮೊದಲನೆಯ ಮಹಾಯುದ್ಧವು ತೀರಿದ ಮೇಲೆ ಲೋಕದ ಪೇಟೆಯಲ್ಲಿ ಕಬ್ಬಿಣದ ಕ್ರಯವು ಇಳಿದುಹೋದದ್ದರಿಂದ ಕಾರ್ಖಾನೆಯು ಹುಟ್ಟುತ್ತಲೇ ನಷ್ಟಕ್ಕೆ ಸಿಕ್ಕಿತು. ಇದನ್ನು ಮುಚ್ಚಿಬಿಡುವದೇ ಲೇಸೆಂದು ಹೇಳುವವರೂ ಇದ್ದರು. ಆಗ 1912ರಿಂದ 1918ರ ವರೆಗೆ ದಿವಾನರಾಗಿದ್ದು ಕೆಲಸವನ್ನು ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆದು ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಿದರು. ಅವರು 1929ರ ವರೆಗೆ ಆ ಭಾರವನ್ನು ಹೊತ್ತರು. ದುಂದಾದ ವೆಚ್ಚವನ್ನು ತಗ್ಗಿಸಿದರು; ಪರದೇಶದ ತಜ್ಞರು ಮಾಡುತ್ತಿದ್ದ ಕೆಲಸಕ್ಕೆ ನಾಡಿನ ಯುವಕರನ್ನು ತರಬೇತುಗೊಳಿಸಿದರು. ಕಾರ್ಖಾನೆಯು ಲಾಭವನ್ನು ಕಾಣುವ ತನಕ ತಮಗೆ ಸಂಬಳ ಬೇಡವೆಂದರು. ಆಮೇಲೆ ಸರಕಾರದವರು ಬಾಕಿ ನಿಂತ ಹಣವನ್ನು ಕೊಡಲು ಬಂದಾಗ ಅದನ್ನು ಮನೆಗೆ ಒಯ್ಯದೆ, ಬಡ ಹುಡುಗರು ಕೈಕಸುಬು ಕಲಿಯುವದಕ್ಕೆ ಬೆಂಗಳೂರಿನಲ್ಲಿ ಒಂದು ಶಾಲೆಯಾಗಲಿ ಎಂದರು. ಆ ಶಾಲೆಯು ಜಯಚಾಮರಾಜೇಂದ್ರರ ಹೆಸರನ್ನು ಹೊತ್ತಿದೆಯೇ ಹೊರತು ವಿಶ್ವೇಶ್ವರಯ್ಯನವರದನ್ನಲ್ಲ.

ಇದನ್ನು ಓದಿ ಕೆಲವರು, "ಪಿಂಚಣಿಯುಳ್ಳವರಿಗೆ ಸಂಬಳವನ್ನು ಬಿಡುವದು ಸುಲಭ, ನಾವು ಹಾಗೆ ಬಿಟ್ಟರೆ ಮಕ್ಕಳಿಗೆ ಗಂಜಿ ಎಲ್ಲಿಂದ?" ಎಂದು ಕೇಳಾರು. ಈ ಆಕ್ಷೇಪಣೆಯು ನ್ಯಾಯವಾದದ್ದು. ಇದನ್ನು ನಾವು ತಳ್ಳಿಹಾಕುವದಿಲ್ಲ. ದಿನದ ಕೂಲಿಯಿಂದಲೇ ಆ ದಿನ ಉಣ್ಣುವವನ ಕೂಲಿಯನ್ನು ಹೊತ್ತು ಮುಳುಗುವದರೊಳಗೆ ಕೊಡಬೇಕು. ಅವನಿಗೆ ತ್ಯಾಗವನ್ನು ಬೋಧಿಸುವದು ಕ್ರೂರತನವೇ ಸರಿ. ಹೀಗಿರಲಾಗಿ ಆ ಅಧ್ಯಕ್ಷರ ನಡತೆಯು ಎಲ್ಲರಿಗೂ ಒಂದೇ ಸಮನಾದ ಕಟ್ಟಳೆಯಲ್ಲ, ಒಂದು ಕ್ರಮವನ್ನು ತೋರಿಸುವ ಗುರುತು. ಆ ಕ್ರಮ ಯಾವದಂದರೆ, ಕಾಯುವದಕ್ಕೆ ಯಾರಿಗೆ ಹೆಚ್ಚು ಶಕ್ತಿಯುಂಟೋ ಅವರು ಹೆಚ್ಚು ಕಾಯಬೇಕು; ನಷ್ಟವು ಬಂದಾಗ ಅದು ಮೇಲಿನಿಂದ ಕೆಳಕ್ಕೆ ಇಳಿಯಬೇಕೇ ಹೊರತು ಕೆಳಗಿನವನ ತಲೆಯ ಮೇಲೆ ಮೊದಲು ಬೀಳಬಾರದು. ನಮ್ಮ ರೈತನು ಎತ್ತಿಗೆ ಮೇವು ಹಾಕದೆ ತಾನು ಉಣ್ಣಲು ಕೂತುಕೊಳ್ಳುವದಿಲ್ಲ. ಇದು ಅವನಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಕಠಿಣವಾದದ್ದು. ಅಂಥ ಯಜಮಾನನ ಗುಣವು ಕಾರ್ಖಾನೆಯನ್ನು ಉಳಿಸಿದ್ದಾದರೆ, ಅದು ಮುಂದೆಯೂ ಯಾಕೆ ನಿಲ್ಲಲಿಲ್ಲ? 1962ರಲ್ಲಿ ವಿಶ್ವೇಶ್ವರಯ್ಯನವರು ತೀರಿಕೊಂಡ ಬಳಿಕ ಕಾರ್ಖಾನೆಗೆ ಅವರ ಹೆಸರನ್ನೇ ಇಟ್ಟರು. 1989ರಲ್ಲಿ ಅದು ಭಾರತ ಉಕ್ಕು ಪ್ರಾಧಿಕಾರದ ವಶವಾಯಿತು. 1998ರಲ್ಲಿ ಅದರೊಳಗೇ ಸೇರಿಹೋಯಿತು. ಸ್ವಂತ ಅದಿರಿನ ಗಣಿಯಿಲ್ಲದೆ ಸೊರಗಿದ ಅದನ್ನು ಮುಚ್ಚಬೇಕೆಂದು 2023ರ ಜನವರಿಯಲ್ಲಿ, ಸರಿಯಾಗಿ ನೂರು ವರುಷ ತುಂಬಿದ ತಿಂಗಳಲ್ಲಿ, ತೀರ್ಮಾನವಾಯಿತು. ಗುತ್ತಿಗೆಯ ಕೆಲಸಗಾರರು ಬಾಗಲಿನ ಮುಂದೆ ಧರಣಿ ಕೂತರು. ಅದೇ ವರುಷದ ಆಗಸ್ಟಿನಲ್ಲಿ ಕೆಲಸದ ಒಂದು ಭಾಗವು ಮತ್ತೆ ಆರಂಭವಾಯಿತು. ಅದೇ ಊರಿನಲ್ಲಿ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಯಂತ್ರಗಳಾದರೋ 2015ರ ಸುಮಾರಿಗೆ ನಿಂತುಹೋಗಿದ್ದವು.

ಇದರಿಂದ ನಾವು ಕಲಿಯುವದೇನು? ಒಬ್ಬ ಮನುಷ್ಯನ ಗುಣವನ್ನು ಹೆಸರಿನ ಹಲಗೆಯ ಮೇಲೆ ಬರೆಯುವದು ಸುಲಭ, ಸಂಸ್ಥೆಯ ರೂಢಿಯೊಳಗೆ ಬರೆಯುವದು ಕಷ್ಟ. ಖಾಯಂ ನೌಕರನಿಗಿರುವ ಆಶ್ರಯವು ಗುತ್ತಿಗೆಯವನಿಗೆ ಇಲ್ಲದಿರುವಲ್ಲಿ, ಲಾಭದ ಕಾಲದಲ್ಲಿ ಕಡೆಯವನಾದವನೇ ನಷ್ಟದ ಕಾಲದಲ್ಲಿ ಮೊದಲನೆಯವನಾಗುತ್ತಾನೆ. ನಾವು ಮೇಲೆ ಹೇಳಿದ ಕ್ರಮವು ಅಲ್ಲಿ ತಲೆಕೆಳಗಾಯಿತು. ಇನ್ನೊಂದು ಸಾಲವೂ ಉಂಟು. ಆ ಕುಲುಮೆಗೆ ಇದ್ದಲಾಗಿ ಬೆಂದ ಕಾಡಿನ ಕ್ರಯವನ್ನು ಒಳ್ಳೇ ಯಜಮಾನರ ಕಾಲದಲ್ಲಿಯೂ ಲೆಕ್ಕದ ಪುಸ್ತಕವು ಪೂರಾ ಹಿಡಿಯಲಿಲ್ಲವೆಂಬದು ನಮ್ಮ ಎಣಿಕೆ. ಸಂಬಳವನ್ನು ಬಿಟ್ಟವನೂ ಎಲ್ಲಾ ಋಣವನ್ನು ತೀರಿಸಿದವನಲ್ಲ.

ಯಜಮಾನತನದ ಇನ್ನೊಂದು ಮಾದರಿಯನ್ನು ನೋಡಬೇಕೆಂದರೆ ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ತುಂಗೆಯ ಹಿನ್ನೀರಿನ ದಂಡೆಯ ಮೇಲಿರುವ ಸಕ್ರೆಬೈಲಿನ ಆನೆಯ ಬಿಡಾರಕ್ಕೆ ಹೋಗಿರಿ. ಬೆಳಿಗ್ಗೆ ಮಾವುತನೂ ಕಾವಾಡಿಯೂ ಆನೆಯನ್ನು ಕಾಡಿನಿಂದ ಕರೆತಂದು, ಹೊಳೆಯಲ್ಲಿ ಮಲಗಿಸಿ, ಮೈಯನ್ನು ಉಜ್ಜಿ ತೊಳೆಯುತ್ತಾರೆ. ಆ ಪ್ರಾಣಿಯ ಭಾರದ ಮುಂದೆ ಮನುಷ್ಯನ ಬಲವು ಯಾವ ಲೆಕ್ಕ? ಅದು ಒಮ್ಮೆ ಒಲ್ಲೆನೆಂದರೆ ಅಂಕುಶವೊಂದರಿಂದಲೇ ಆಗುವದೇನೂ ಇಲ್ಲ. ಮೈ ತೊಳೆಯುವಾಗ ಗಾಯವೆಲ್ಲಿದೆ, ಕಾಲು ಯಾಕೆ ಕುಂಟುತ್ತದೆ, ಮೇವನ್ನು ಯಾಕೆ ಬಿಟ್ಟಿದೆ ಎಂಬದನ್ನು ಮಾವುತನು ಕೈಯಿಂದ ಮುಟ್ಟಿ ತಿಳುಕೊಳ್ಳುತ್ತಾನೆ. ಅವನ ಆಳಿಕೆಯು ಹತ್ತಿರದಿಂದ ನಡೆಯುವದು. ದೂರದ ಪಟ್ಟಣದ ಕಚೇರಿಯಲ್ಲಿ ಕೂತು, ಒಂದು ಸಹಿಯಿಂದ ಒಂದು ಊರಿನ ಒಲೆಗಳನ್ನು ಆರಿಸಬಲ್ಲವನಿಗೆ ಈ ತಿಳಿವಳಿಕೆ ಇರುವದು ದುರ್ಲಭ.

ಆದರೆ ಈ ದೃಷ್ಟಾಂತವನ್ನು ಅಳತೆ ಮೀರಿ ಎಳೆಯಬಾರದು. ಆನೆಯು ಕಾಡಿನಿಂದ ಹಿಡಿದು ತರಲ್ಪಟ್ಟದ್ದು. ಅದರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ, ತನ್ನ ದುಡಿಮೆಯ ಲೆಕ್ಕವನ್ನು ಕೇಳಲು ಅದಕ್ಕೆ ಮಾತಿಲ್ಲ. ಕೆಲಸದಾಳಿಗೆ ಮಾತುಂಟು, ಬುದ್ಧಿಯುಂಟು, ಮನೆಯಲ್ಲಿ ಕಾಯುವವರುಂಟು. ಅವನನ್ನು ಪ್ರೀತಿಯಿಂದ ಸಾಕಿದೆನೆಂದು ಹೇಳುವ ಯಜಮಾನನು ಅವನಿಗೆ ಲೆಕ್ಕವನ್ನು ತೋರಿಸದೆ ಇದ್ದರೆ, ಅವನನ್ನು ಆನೆಯಂತೆ ಎಣಿಸಿದ ಹಾಗಾಯಿತು. ದಯೆಯು ನ್ಯಾಯದ ಬದಲಿಗೆ ನಿಲ್ಲತಕ್ಕದ್ದಲ್ಲ.

ಆದಕಾರಣ, ವಾಚಕರೇ, ನಿಮ್ಮ ಕೈಕೆಳಗೆ ಒಬ್ಬನೇ ಆಳಿದ್ದರೂ ಮೂರು ಮಾತುಗಳಿಂದ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿರಿ. ಮಳೆ ಕೆಟ್ಟು ಕೆಲಸ ನಿಂತ ವರುಷದಲ್ಲಿ ಯಾರ ಪಾಲು ಮೊದಲು ಕಡಿಮೆಯಾಯಿತು? ಲೆಕ್ಕದ ಪುಸ್ತಕವನ್ನು ಓದುಬಾರದ ಆಳು ಕೇಳಿದಾಗ, ಸಿಡುಕದೆ ಅವನಿಗೆ ತಿಳಿಯುವಂತೆ ಹೇಳಿದಿರೋ? ನೀವು ಬಿಟ್ಟುಹೋದ ಮೇಲೂ ಆ ಆಳಿಗೆ ನ್ಯಾಯ ಸಿಕ್ಕುವಂಥ ರೂಢಿಯನ್ನು ನಿಲ್ಲಿಸಿದಿರೋ, ಇಲ್ಲವೆ ನಿಮ್ಮ ಒಳ್ಳೇತನವು ನಿಮ್ಮ ಸಂಗಡಲೇ ಹೋಗುವದೋ? ಮೊದಲನೆಯ ಎರಡಕ್ಕೆ ನಮ್ಮಲ್ಲಿ ಹಲವರು ಧೈರ್ಯದಿಂದ ಉತ್ತರ ಕೊಟ್ಟಾರು. ಮೂರನೆಯದು ಭದ್ರಾವತಿಯಲ್ಲಿ ಅಷ್ಟು ದೊಡ್ಡವರ ಬಳಿಕವೂ ತೀರದೆ ಉಳಿದ ಪ್ರಶ್ನೆಯಾಗಿದೆ. ನಮ್ಮ ಸಂಘಗಳಲ್ಲಿಯೂ ತೋಟಗಳಲ್ಲಿಯೂ ಅದಕ್ಕೆ ಉತ್ತರವನ್ನು ಈ ವರುಷದ ಸುಗ್ಗಿಯ ಲೆಕ್ಕದಿಂದಲೇ ಆರಂಭಿಸೋಣ.